32 ಮಿಲಿಮೀಟರ್ ಹಳಿ: ತಗಡಿನ ಆಟದ ರೈಲೂ ನರಸಿಂಹರಾಜಪುರದ ಪುಟ್ಟ ರೈಲೂ

ಕೊಪ್ಪಕ್ಕೂ ಶೃಂಗೇರಿಗೂ ರೈಲು ಬಂದದ್ದೇ ಇಲ್ಲ. ಇಲ್ಲಿನ ಮಕ್ಕಳ ಕನಸಿನ ಬಂಡಿಯೆಂದರೆ ಬಸ್ಸು. ಮೊದಲು ಶಂಕರ್ ಕಂಪನಿಯದು, 1991ರಿಂದ ಕಾರ್ಮಿಕರೇ ಸೇರಿ ನಡೆಸಿದ ಕೊಪ್ಪದ ಸಹಕಾರ ಸಾರಿಗೆಯದು. ಆದರೆ ಪಕ್ಕದ ನರಸಿಂಹರಾಜಪುರಕ್ಕೆ ಒಮ್ಮೆ ರೈಲಿತ್ತು. ತರೀಕೆರೆಯಿಂದ ಸುಮಾರು 27 ಮೈಲಿ ಕಾಡು ಹಾದು ಬರುತ್ತಿದ್ದ, ಎರಡೇ ಅಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಪುಟ್ಟ ರೈಲು. ಆ ಹಳಿ ಕಿತ್ತುಹೋಗಿ ಎಷ್ಟೋ ದಶಕಗಳಾದವು. ತಗಡಿನ ಆಟದ ರೈಲುಗಳ ಚರಿತ್ರೆಯನ್ನು ಈ ಮೂರು ತಾಲ್ಲೂಕುಗಳಿಂದ ನೋಡಲು ಹೊರಟವರಿಗೆ ಆ ಎರಡು ಅಡಿಯೇ ದಾರಿ ತೋರಿಸುತ್ತದೆ ಎಂಬುದು ಈ ಲೇಖನದ ವಾದ.

ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದುಹೋದ ನೆನಪಿಗೆ 1915ರಲ್ಲಿ ಈಗಿನ ಹೆಸರಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು (1912–1918). ಮೈಸೂರು ಸಂಸ್ಥಾನ ತನ್ನದೇ ರೈಲುದಾರಿಗಳನ್ನು ಹಾಕಿಕೊಳ್ಳಲು ಉತ್ಸಾಹದಿಂದ ಹೊರಟಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಹಳಿ 1899ರಲ್ಲೇ ಬಂದಿದ್ದರಿಂದ ತರೀಕೆರೆಗೆ ಹೊರಜಗತ್ತಿನ ನಂಟು ಸಿಕ್ಕಿತ್ತು. ಅಲ್ಲಿಂದ ಪಶ್ಚಿಮಕ್ಕೆ ಮಲೆನಾಡಿನೊಳಗೆ ಮೀಟರ್ ಗೇಜನ್ನೇ ಒಯ್ಯುವುದೆಂದರೆ ಗುಡ್ಡ ಕಡಿಯುವ ಖರ್ಚು, ದೊಡ್ಡ ಸೇತುವೆಗಳ ಖರ್ಚು. ಹಳಿ ಕಿರಿದಾದಷ್ಟೂ ತಿರುವು ಬಿಗಿಯಾಗಿದ್ದರೂ ನಡೆಯುತ್ತದೆ, ಎಂಜಿನ್ ಹಗುರವಾಗಿದ್ದರೂ ನಡೆಯುತ್ತದೆ, ಗುಡ್ಡವನ್ನು ಕಡಿಯದೆ ಅದರ ಮಗ್ಗುಲಲ್ಲೇ ಬಳಸಿಕೊಂಡು ಹೋಗಬಹುದು. 1881ರ ಡಾರ್ಜಿಲಿಂಗ್ ರೈಲಿಗೂ 1907ರ ಮಾಥೇರಾನ್ ರೈಲಿಗೂ ಎರಡು ಅಡಿಯ ಹಳಿ ಹಾಕಿದ್ದು ಇದೇ ಲೆಕ್ಕದಿಂದ.

ಅಗ್ಗ, ಹಗುರ, ಬಿಗಿ ತಿರುವು. ಜರ್ಮನಿಯ ಆಟಿಕೆ ಕುಶಲಕರ್ಮಿಗಳ ಮುಂದೆಯೂ ಇದ್ದದ್ದು ಇವೇ ಮೂರು ಬೇಡಿಕೆಗಳು. ಗೋಪಿಂಗೆನ್ ಪಟ್ಟಣದ ಮೆರ್ಕ್ಲಿನ್ ಮನೆತನ 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಅಂಕಿ ಹಾಕಿದ ಹಳಿ ಅಳತೆಗಳನ್ನು ಮುಂದಿಟ್ಟಿತು. ಅಲ್ಲಿಯವರೆಗೆ ಆಟದ ರೈಲೆಂದರೆ ನೆಲದ ಮೇಲೆ ಎಳೆಯುವ ಬಂಡಿ, ಇಲ್ಲವೇ ತನ್ನ ಪಾಡಿಗೆ ಸುತ್ತುವ ಒಂದು ಎಂಜಿನ್ ಅಷ್ಟೆ. ಅಳತೆ ಗೊತ್ತಾದ ಮೇಲೆ ಇವತ್ತು ಒಂದು ಡಬ್ಬಿ, ಮುಂದಿನ ವರ್ಷ ನಾಲ್ಕು ತುಂಡು ಹಳಿ ಎಂದು ಕೊಂಡು ಸೇರಿಸುತ್ತಾ ಹೋಗಬಹುದಾಯಿತು. ಸಂಗ್ರಹ ಎಂಬ ಹವ್ಯಾಸ ಹುಟ್ಟಿದ್ದೇ ಅಲ್ಲಿ ಎಂದು ನನ್ನ ಎಣಿಕೆ. ಮೊದಲು 1, 2, 3 ಎಂಬ ಅಂಕಿಗಳಿದ್ದವು. ಆಮೇಲೆ ಇನ್ನೂ ಚಿಕ್ಕದೊಂದು ಬೇಕಾದಾಗ ಅದಕ್ಕೆ ಸೊನ್ನೆ ಎಂಬ ಹೆಸರಾಯಿತು. ಇಂಗ್ಲಿಷ್ ಬಲ್ಲವರು ಆ ಸೊನ್ನೆಯನ್ನು ‘ಓ’ ಅಕ್ಷರವೆಂದು ಓದಿಕೊಂಡರು. ಮೆರ್ಕ್ಲಿನ್‌ನವರು ಅಳೆಯುತ್ತಿದ್ದದ್ದು ಹಳಿಯ ನಡುವಿನಿಂದ ನಡುವಿಗೆ, 35 ಮಿಲಿಮೀಟರ್. ಒಳ ಅಂಚಿನಿಂದ ಒಳ ಅಂಚಿಗೆ ಅಳೆದರೆ 32.

ಈ 32ನ್ನು ನೆನಪಿಡಬೇಕು. ಎರಡು ಅಡಿ ಎಂದರೆ 610 ಮಿಲಿಮೀಟರ್. ಅದನ್ನು 32ರಿಂದ ಭಾಗಿಸಿದರೆ 19. ಅಂದರೆ ನರಸಿಂಹರಾಜಪುರದ ರೈಲನ್ನು 19ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದರ ಚಕ್ರ ತಗಡಿನ ‘ಓ’ ಹಳಿಯ ಮೇಲೆ ಸರಿಯಾಗಿ ಕೂರುತ್ತದೆ. ಬ್ರಿಟನ್ನಿನ ಹವ್ಯಾಸಿಗಳು ಇದನ್ನೇ ಅಡಿಗೆ 16 ಮಿಲಿಮೀಟರ್ ಎನ್ನುತ್ತಾರೆ. ಆ ಲೆಕ್ಕದಲ್ಲಿ ಐದೂವರೆ ಅಡಿಯ ಆಳು 88 ಮಿಲಿಮೀಟರ್ ಆಗುತ್ತಾನೆ. ತರೀಕೆರೆಯಲ್ಲಿ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ ಮೀಟರ್ ಗೇಜ್ ಹಳಿ ಇದೇ ಅಳತೆಯಲ್ಲಿ 52.5 ಮಿಲಿಮೀಟರ್ ಆಗಿ, ಹಳೆಯ ಎರಡನೇ ಅಂಕಿಯ ಹಳಿಯ 51ಕ್ಕೆ ಬಹಳ ಹತ್ತಿರ ಬರುತ್ತದೆ. ಪ್ರಯಾಣಿಕರು ಮೂಟೆ ಹೊತ್ತು ದೊಡ್ಡ ರೈಲಿನಿಂದ ಚಿಕ್ಕ ರೈಲಿಗೆ ಹತ್ತುತ್ತಿದ್ದ ಆ ನಿಲ್ದಾಣವನ್ನು ಒಂದು ಮೇಜಿನ ಮೇಲೆ ಎರಡು ಹಳೆಯ ಆಟಿಕೆ ಹಳಿಗಳಿಂದಲೇ ಕಟ್ಟಬಹುದು. ಇದು ಯಾರೂ ಯೋಜಿಸಿ ಮಾಡಿದ್ದಲ್ಲ. ಮೆರ್ಕ್ಲಿನ್, ಬಿಂಗ್, ಹಾರ್ನ್‌ಬಿ ಮುಂತಾದ ಆಟಿಕೆ ತಯಾರಕರೆಲ್ಲರ ಕಣ್ಣೂ ಯುರೋಪಿನ ಮುಖ್ಯ ದಾರಿಗಳ ರೈಲುಗಳ ಮೇಲೆಯೇ ಇತ್ತು. ಆದರೂ ಅಂಕಿಗಳು ಕೂಡಿಬಂದಿವೆ. ನನಗೆ ಅದು ದೊಡ್ಡ ಸಂತೋಷ.

ತಗಡಿನ ಕಥೆ ಹೇಳದೆ ಮುಂದೆ ಹೋಗಲಾಗದು. ನಾವು ತಗಡು ಎಂದು ಕರೆಯುವ ಈ ವಸ್ತು ತೆಳ್ಳನೆಯ ಉಕ್ಕಿನ ಹಾಳೆಗೆ ತವರ ಲೇಪಿಸಿದ್ದು. ಕಲಾಯಿಯವರು ತಿದಿ ಒತ್ತಿ, ನವಸಾಗರ ಉದುರಿಸಿ, ಹಿತ್ತಾಳೆ ಪಾತ್ರೆಯೊಳಗೆ ಹತ್ತಿಯಿಂದ ಸವರುತ್ತಿದ್ದದ್ದು ಇದೇ ತವರ. ತಗಡು ಹಳ್ಳಿಗೆ ಬಂದದ್ದು ಸೀಮೆಎಣ್ಣೆ ಡಬ್ಬವಾಗಿ. ಜಮ್ಷೆಡ್‌ಪುರದ ಗೋಲ್‌ಮುರಿಯ ತಗಡಿನ ಕಾರ್ಖಾನೆಯನ್ನು 1920ರಲ್ಲಿ ಟಾಟಾ ಜೊತೆ ಸೇರಿ ಹುಟ್ಟುಹಾಕಿದ್ದು ಬರ್ಮಾ ಆಯಿಲ್ ಕಂಪನಿ. ಅವರಿಗೆ ಡಬ್ಬ ಬೇಕಿತ್ತು. ಖಾಲಿ ಡಬ್ಬ ನೀರಿನ ಕೊಡವಾಯಿತು, ಅಕ್ಕಿಯ ಅಳತೆಯಾಯಿತು, ಚಿಮಣಿ ಬುಡ್ಡಿಯಾಯಿತು. ಎರಡನೇ ಮಹಾಯುದ್ಧ ಮುಗಿದ 1945ರ ಕೊನೆಯಲ್ಲಿ ಜಪಾನಿನ ಓತ್ಸುವಿನಲ್ಲಿ ಕೊಸುಗೆ ಎಂಬವರು ಬಿಸಾಡಿದ ಆಹಾರದ ಡಬ್ಬಗಳನ್ನು ಬಿಡಿಸಿ ಆಟದ ಜೀಪು ಮಾಡಿ ಮಾರಿದರು. ಆ ದೇಶದ ಆಟಿಕೆ ಉದ್ಯಮ ಮತ್ತೆ ಕಣ್ಣುಬಿಟ್ಟದ್ದು ಅದರಿಂದ.

ಗೋಲ್‌ಮುರಿಯ ಕಾರ್ಖಾನೆ ಹುಟ್ಟಿದ ಅದೇ 1920ರಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ತನ್ನ ಮೊದಲ ಕೀ ಕೊಡುವ ರೈಲನ್ನು ಮಾರುಕಟ್ಟೆಗೆ ತಂದ. ಮೊದಲ ಮಹಾಯುದ್ಧದಿಂದಾಗಿ ಬ್ರಿಟನ್ನಿನ ಅಂಗಡಿಗಳಿಗೆ ಜರ್ಮನ್ ಆಟಿಕೆ ಬರುವುದು ನಿಂತಿತ್ತು. ಆ ತೆರವನ್ನು ಅವನು ತುಂಬಿದ. ಅವನ ಆರಂಭದ ರೈಲುಗಳನ್ನು ಮೆಕಾನೋ ಎಂಬ ಜೋಡಿಸುವ ಆಟಿಕೆಯ ಸಾಮಾನಿನಂತೆ ನಟ್ಟು ಬೋಲ್ಟಿನಿಂದ ಜೋಡಿಸಿದ್ದರಿಂದ ಪೂರ್ತಿ ಬಿಚ್ಚಬಹುದು. ದುರಸ್ತಿ ಮಾಡುವವರಿಗೆ ಇದು ವರ. ನ್ಯೂರೆಂಬರ್ಗಿನ ಬಿಂಗ್ ಮುಂತಾದವರ ದಾರಿ ಬೇರೆ. ಚಪ್ಪಟೆ ತಗಡಿನ ಮೇಲೆ ಮೊದಲೇ ಬಣ್ಣದ ಚಿತ್ರ ಅಚ್ಚು ಹಾಕಿ, ಆಮೇಲೆ ಕತ್ತರಿಸಿ, ಬಗ್ಗಿಸಿ, ಅಂಚಿನ ಪುಟ್ಟ ನಾಲಿಗೆಗಳನ್ನು ಎದುರಿನ ಸೀಳಿನಲ್ಲಿ ತೂರಿಸಿ ಮಡಚುತ್ತಿದ್ದರು. ಕಿಟಕಿ, ಬಾಗಿಲಿನ ಹಿಡಿ, ಮೊಳೆಯ ತಲೆ ಎಲ್ಲವೂ ಅಚ್ಚಿನ ಶಾಯಿಯೇ. ಆ ನಾಲಿಗೆಯನ್ನು ಒಂದೆರಡು ಸಲ ಬಿಡಿಸಿ ಮಡಚಿದರೆ ಮುರಿದುಹೋಗುತ್ತದೆ. ಬಿಂಗ್ ಮನೆತನ 1930ರ ದಶಕದ ಆರಂಭದಲ್ಲಿ ಮುಳುಗಿತು. ಹಾರ್ನ್‌ಬಿಯ ತಗಡಿನ ರೈಲುಗಳು 1960ರ ದಶಕದಲ್ಲಿ ಪ್ಲಾಸ್ಟಿಕ್ಕಿನೆದುರು ನಿಂತುಹೋದವು.

ಮಲೆನಾಡಿನಲ್ಲಿ ತಗಡಿನ ರೈಲನ್ನು ಇಟ್ಟುಕೊಳ್ಳುವುದು ಬೇರೆ ಕಡೆಗಿಂತ ಕಷ್ಟ. ನಮ್ಮ ಮನೆಗಳ ಮೇಲಿನ ಸತು ಲೇಪಿಸಿದ ಶೀಟಿಗೆ ಗೀರು ಬಿದ್ದರೂ ಬಹುಕಾಲ ಬಾಳುತ್ತದೆ. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರದ ಗುಣ ಇದಕ್ಕೆ ತದ್ವಿರುದ್ಧ. ಲೇಪ ಅಖಂಡವಾಗಿರುವತನಕ ಉಕ್ಕಿಗೆ ಭಯವಿಲ್ಲ. ಒಂದು ಸಣ್ಣ ಗೀರು ಬಿದ್ದು ನೀರು ಮುಟ್ಟಿತೆಂದರೆ ತವರ ಹಾಗೇ ಉಳಿದು ಉಕ್ಕು ಬೇಗಬೇಗ ತುಕ್ಕು ಹಿಡಿಯುತ್ತದೆ. ಮೇಲಿನ ಬಣ್ಣ ಚೆನ್ನಾಗಿರುವಾಗಲೇ ಅಡಿಯಲ್ಲಿ ಗುಳ್ಳೆ ಏಳುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಈ ಕಾಯಿಲೆಗೆ ಬಿಡುವಿಲ್ಲ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಯೆಂದು ಕೆಲವರು ಅಲ್ಲಿಡುತ್ತಾರೆ. ತೇವ ತಪ್ಪುತ್ತದೆ ನಿಜ, ಆದರೆ ಮಸಿ ಅಚ್ಚಿನ ಮೇಲಿನ ವಾರ್ನಿಶ್‌ಗೆ ಹಿಡಿದರೆ ಬಿಡಿಸುವುದು ಸುಲಭವಲ್ಲ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಮೈಗೆ ತೆಳುವಾಗಿ ಮೇಣ: ನನಗೆ ಗೊತ್ತಿರುವ ಭದ್ರವಾದ ದಾರಿ ಇಷ್ಟೇ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಹಾರ್ನ್‌ಬಿ ಚಕ್ರಗಳಿಗೆ ಇನ್ನೊಂದು ಪಿಡುಗಿದೆ. ಅವುಗಳಲ್ಲಿ ಹಲವು ಸತುವಿನ ಮಿಶ್ರಲೋಹದ ಎರಕ. ಎರಕದಲ್ಲಿ ಸೀಸದ ಕಲಬೆರಕೆ ಇದ್ದರೆ ಲೋಹ ಒಳಗೊಳಗೇ ಉಬ್ಬಿ, ಬಿರುಕುಬಿಟ್ಟು, ಕೊನೆಗೆ ಬೆರಳಲ್ಲಿ ಪುಡಿಯಾಗುತ್ತದೆ. ತೇವವೂ ಸೆಕೆಯೂ ಸೇರಿದಲ್ಲಿ ಇದು ಬೇಗ. ಹೊಸ ಚಕ್ರ ಹಾಕುವುದೊಂದೇ ಮದ್ದು. ಸ್ಪ್ರಿಂಗಿನ ಯಂತ್ರಕ್ಕೆ ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಬಿಡುವವರನ್ನು ಕಂಡಿದ್ದೇನೆ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಹಲ್ಲುಚಕ್ರಗಳು ಹಿಡಿದುಕೊಂಡು ನಿಲ್ಲುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು ಸಾಕು.

ಮರುಬಣ್ಣದ ವಿಷಯದಲ್ಲಿ ನಾನು ಹಟಮಾರಿ. ಅಚ್ಚಿನ ಬಣ್ಣ ಉಳಿದಿರುವ ಡಬ್ಬಿಯ ಮೇಲೆ ಬ್ರಷ್ ಆಡಿಸಬಾರದು. ಅದು ಒಂದು ಮುದ್ರಿತ ದಾಖಲೆ, ಪಂಚಾಂಗದಷ್ಟೇ ದಾಖಲೆ. ಆದರೆ ಬಣ್ಣ ಪೂರ್ತಿ ಹೋಗಿ, ಮೈಯೆಲ್ಲಾ ತೂತಾಗಿ, ಕೆಳಗಿನ ಚೌಕಟ್ಟು ಮಾತ್ರ ಗಟ್ಟಿ ಉಳಿದ ಡಬ್ಬಿಗಳು ಗುಜರಿಯಲ್ಲಿ ಸಿಗುವುದುಂಟು. ಅವಕ್ಕೆ ಎರಡನೇ ಜನ್ಮ ಕೊಡಬಹುದು. ಆ 32 ಮಿಲಿಮೀಟರಿನ ಚೌಕಟ್ಟಿನ ಮೇಲೆ ಹೊಸ ತಗಡು ಬೆಸೆದು, 19ರಲ್ಲಿ ಒಂದು ಪಾಲಿನ ಮರದ ದಿಮ್ಮಿಯ ಬಂಡಿಯನ್ನೂ ಬೆಂಚು ಹಾಕಿದ ಪ್ರಯಾಣಿಕರ ಡಬ್ಬಿಯನ್ನೂ ಕಟ್ಟುವುದು. ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ, ಪುಣೆಯಲ್ಲಿ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯವಿದೆ. ಎಡೇಹಳ್ಳಿಯ ರೈಲನ್ನು ಮತ್ತೆ ಓಡಿಸುವ ಕೆಲಸ ಮಾತ್ರ ಈ ಮೂರು ತಾಲ್ಲೂಕಿನವರದ್ದು.

ಇಡೀ 27 ಮೈಲಿಯನ್ನು ಇದೇ ಅಳತೆಗೆ ಇಳಿಸಿದರೂ ಸುಮಾರು ಎರಡೂಕಾಲು ಕಿಲೋಮೀಟರ್ ಹಳಿ ಬೇಕು. ಅಷ್ಟು ಯಾರ ಮನೆಯಲ್ಲೂ ಹಿಡಿಯದು. ತಿರುವಿನ ಲೆಕ್ಕ ಕೈಗೆಟಕುತ್ತದೆ. ಡಾರ್ಜಿಲಿಂಗ್ ದಾರಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 18 ಮೀಟರ್. ನಮ್ಮ ಅಳತೆಯಲ್ಲಿ 95 ಸೆಂಟಿಮೀಟರ್. ಹಾರ್ನ್‌ಬಿಯ ಎರಡಡಿ ತ್ರಿಜ್ಯದ ತಗಡಿನ ತಿರುವು 61 ಸೆಂಟಿಮೀಟರ್, ಅದಕ್ಕಿಂತಲೂ ಬಿಗಿ. ಡಬ್ಬಿಗಳು ಗಿಡ್ಡವಾಗಿದ್ದರೆ ಸಲೀಸಾಗಿ ಸುತ್ತುತ್ತವೆ.

ಇಷ್ಟಕ್ಕೆ ಅಡಿಕೆ ಒಣಗಿಸುವ ಅಂಗಳ ಸಾಕು. ಕೊಯ್ಲು ಮುಗಿದು, ಅಡಿಕೆ ಮೂಟೆಗೆ ಸೇರಿ, ಏಪ್ರಿಲ್ ಹೊತ್ತಿಗೆ ಅಂಗಳ ಖಾಲಿಯಾಗುತ್ತದೆ. ನೆಲ ಗಟ್ಟಿ, ಗಾಳಿ ಒಣ. ಹಳಿಯ ತುದಿಯ ಕಡ್ಡಿಗಳನ್ನು ಒಂದರೊಳಗೊಂದು ಕೂಡಿಸಿ, ಸಂದಿಯಲ್ಲಿ ಬೆರಳಾಡಿಸಿ ಮಟ್ಟ ನೋಡಿ, ಎಂಜಿನ್‌ಗೆ ಕೀ ಕೊಟ್ಟು ಬಿಟ್ಟರೆ ತುಳಸಿಕಟ್ಟೆ ಸುತ್ತಿ ಬರುತ್ತದೆ. ಮೇ ಕೊನೆಯಲ್ಲಿ ಪಡುವಣದ ಮೋಡ ಕಾಣಿಸಿದೊಡನೆ ಸ್ಪ್ರಿಂಗನ್ನು ಪೂರ್ತಿ ಬಿಚ್ಚಿಕೊಳ್ಳಲು ಬಿಟ್ಟು, ಹಳಿಯ ಒಂದೊಂದು ತುಂಡನ್ನೂ ಒಣಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಸೇರಿಸಬೇಕು.