ಕುಂಪಣಿ ಎಂದರೆ ಯಾರು?

ನಮ್ಮ ಜಿಲ್ಲೆಯ ಮಾತಿನಲ್ಲಿ ಬೆರೆತುಹೋದ ಇಂಗ್ಲಿಷ್ ಶಬ್ದಗಳು ನೂರಾರು. ಅವುಗಳಲ್ಲಿ ಬಹುಪಾಲು ಒಂದೊಂದು ವಸ್ತುವಿನೊಡನೆ ಬಂದು ಆ ವಸ್ತುವಿಗೇ ಅಂಟಿಕೊಂಡು ನಿಂತಿವೆ. ಪೆನ್ಸಿಲು ಎಂದಿಗೂ ಪೆನ್ಸಿಲೇ, ಬಸ್ಸು ಎಂದಿಗೂ ಬಸ್ಸೇ. ಆದರೆ ‘ಕಂಪೆನಿ’ ಎಂಬೊಂದು ಶಬ್ದವು ಹೀಗೆ ಒಂದೆಡೆ ನಿಂತುದಲ್ಲ. ಬಂಟವಾಳದ ಪೇಟೆಯಲ್ಲಿ ನಂಬತಕ್ಕ ಸಾಮಾನನ್ನು ‘ಕಂಪೆನಿ ಮಾಲು’ ಎನ್ನುವರು. ಒಂಟಿಯಾಗಿ ಹೊರಟವನು ಗೆಳೆಯನನ್ನು ‘ಸ್ವಲ್ಪ ಕಂಪೆನಿ ಕೊಡಿ’ ಎಂದು ಕೇಳುವನು. ಬಣ್ಣದ ಪರದೆಗಳ ರಂಗವನ್ನು ಕಂಡ ಹಿರಿಯರು ಅದನ್ನು ‘ಕಂಪೆನಿ ನಾಟಕ’ವೆಂದು ಕರೆದರು. ಬೆಳ್ತಂಗಡಿಯ ಕಡೆಯಲ್ಲಿ ಜಗಲಿಯ ಮೇಲೆ ಕುಳಿತು ಬೀಡಿ ಕಟ್ಟುವ ಗೃಹಿಣಿಯು ತಾನು ‘ಕಂಪೆನಿಗೆ’ ಕಟ್ಟುತ್ತೇನೆನ್ನುವಳು. ಚರಿತ್ರೆಯನ್ನೋದಿದವರಿಗಾದರೋ ಇದು ಒಂದು ಸರಕಾರದ ಹೆಸರು. ಆ ಅರ್ಥದಲ್ಲಿ ಅದಕ್ಕೆ ‘ಕುಂಪಣಿ’ಯೆಂಬ ಬೇರೊಂದು ರೂಪವೂ ಉಂಟು. ಒಂದೇ ಶಬ್ದವು ಸರಕಾರವೂ ಸಂಗಡಿಗನೂ ಹೇಗಾಯಿತೆಂಬುದನ್ನು ನಮ್ಮ ಸೀಮೆಯ ನೆಲದ ಮೇಲೆಯೇ ನಿಂತು ವಿಚಾರಿಸುವುದು ಈ ಲೇಖನದ ಉದ್ದೇಶ.

ಶಬ್ದದ ಮೂಲವು ಲ್ಯಾಟಿನ್ ಭಾಷೆಯಲ್ಲಿದೆ. ‘ಕೊಮ್’ ಎಂದರೆ ಒಡನೆ, ‘ಪಾನಿಸ್’ ಎಂದರೆ ರೊಟ್ಟಿ. ಒಂದೇ ರೊಟ್ಟಿಯನ್ನು ಹಂಚಿ ತಿನ್ನುವವರು ಎಂಬುದು ಧಾತ್ವರ್ಥ. ನಮ್ಮಲ್ಲಿ ‘ಸಹಪಂಕ್ತಿ’ ಎಂಬ ಮಾತಿನಲ್ಲಿ ಅಡಗಿರುವ ಭಾವವೇ ಇಲ್ಲಿಯೂ ಇದೆ. ಈ ಒಂದು ಬೇರಿನಿಂದ ಇಂಗ್ಲಿಷಿನಲ್ಲಿ ಹಲವು ಕೊಂಬೆಗಳು ಒಡೆದವು: ಸಹವಾಸ, ಮನೆಗೆ ಬಂದ ಅತಿಥಿಗಳು, ಹಡಗಿನ ಆಳುಗಳು, ದಂಡಿನ ಒಂದು ತುಕಡಿ, ನಟರ ತಂಡ, ಕೊನೆಗೆ ಬಂಡವಾಳ ಕೂಡಿಸಿದ ವರ್ತಕರ ಕೂಟ. ಇಷ್ಟು ಅರ್ಥಗಳಲ್ಲಿ ನಮ್ಮ ನಾಡಿಗೆ ಮೊದಲು ಬಂದು ಬೇರೂರಿದುದು ಕಡೆಯದು. ಅದೂ ವರ್ತಕನ ವೇಷದಲ್ಲಲ್ಲ, ಅರಸನ ವೇಷದಲ್ಲಿ.

1600ನೆಯ ಇಸವಿಯ ದಶಂಬರ 31ರಂದು ಮೊದಲನೆಯ ಎಲಿಜಬೆತ್ ರಾಣಿಯು ಲಂಡನ್ನಿನ ವರ್ತಕರ ಒಂದು ಕೂಟಕ್ಕೆ ಪೂರ್ವದೇಶಗಳಲ್ಲಿ ವ್ಯಾಪಾರ ನಡೆಸುವ ಸನ್ನದನ್ನು ಕೊಟ್ಟಳು. ಆ ಕೂಟವೇ 1784ನೆಯ ಮಾರ್ಚಿ 11ರಂದು ನಮ್ಮ ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನೊಡನೆ ಸಂಧಿಪತ್ರಕ್ಕೆ ರುಜು ಹಾಕಿತು. ಒಂದು ಕಡೆಯಲ್ಲಿ ಸಿಂಹಾಸನವೇರಿದ ಸುಲ್ತಾನ. ಇನ್ನೊಂದು ಕಡೆಯಲ್ಲಿ ಪಾಲುದಾರರ ಲೆಕ್ಕದ ಪುಸ್ತಕ. ಹದಿನೈದು ವರ್ಷಗಳು ಕಳೆದು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಕನ್ನಡ ಜಿಲ್ಲೆಯೆಲ್ಲವೂ ಈ ಲೆಕ್ಕದ ಪುಸ್ತಕಕ್ಕೆ ಸೇರಿಹೋಯಿತು. ಬೆಳ್ತಂಗಡಿಯ ಬಳಿಯ ಗಡಾಯಿಕಲ್ಲಿನ ಮೇಲೆ ಟಿಪ್ಪುವು ಕಟ್ಟಿಸಿದ ಜಮಲಾಬಾದಿನ ಕೋಟೆಯೂ ಅದೇ ವರ್ಷ ಅವರ ವಶವಾಯಿತು. 1800ರಲ್ಲಿ ತಿಮ್ಮನಾಯಕನೆಂಬವನು ಅದನ್ನು ಕಿತ್ತುಕೊಂಡು ಕೆಲಕಾಲ ಹಿಡಿದಿದ್ದನಾದರೂ ಕಂಪೆನಿಯ ದಂಡು ಮತ್ತೆ ಬಂದು ಗೆದ್ದಿತು. ಆ ದಂಡಿನಲ್ಲಿ ಸಿಪಾಯಿಗಳ ತುಕಡಿಗೂ ‘ಕಂಪೆನಿ’ಯೆಂದೇ ಹೆಸರೆಂಬುದು ಸ್ವಾರಸ್ಯವಾದ ಸಂಗತಿ: ಆಳುವುದೂ ಕಂಪೆನಿ, ಕಾದುವುದೂ ಕಂಪೆನಿ.

ಹೊಸ ಒಡೆಯರಿಗೆ ತಮ್ಮ ಕೈಸೇರಿದ ಆಸ್ತಿಯ ವಿವರವು ಬೇಕಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800ರಲ್ಲಿ ಹೊರಟು, 1801ರ ಆದಿಭಾಗದಲ್ಲಿ ಮಂಗಳೂರಿನಿಂದ ಬಂಟವಾಳ, ಬೆಳ್ತಂಗಡಿ, ವೇಣೂರು, ಮೂಡಬಿದಿರೆಗಳ ದಾರಿಯಾಗಿ ಕಾರ್ಕಳಕ್ಕೆ ನಡೆದನು. ಬೆಳೆ, ಮಣ್ಣು, ಗೇಣಿ, ತೀರ್ವೆ, ಜಾತಿ, ಮತ, ಬಸದಿ ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡನು. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಸೀಮೆಯ ಚರಿತ್ರೆಗೆ ಅದು ಅಮೂಲ್ಯವಾದ ಆಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಹುಟ್ಟು ಅಂಗಡಿಯ ಯಜಮಾನನು ಸರಕಿನ ಪಟ್ಟಿಯನ್ನು ಬರೆಯಿಸುವ ಬಗೆಯದೆಂಬುದನ್ನೂ ಮರೆಯಲಾಗದು. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಆಳಿದ ಚೌಟರ ಮನೆತನವು ಈಗ ಸರಕಾರದ ಒಂದು ಸಣ್ಣ ವರ್ಷಾಶನಕ್ಕೆ ಪಾತ್ರವಾಗಿ ಉಳಿಯಿತು. ಚೌಟರಸನನ್ನು ಪ್ರಜೆಗಳು ಕಣ್ಣಾರೆ ಕಂಡಿದ್ದರು. ಅವನ ಅರಮನೆಯ ಬಾಗಿಲು ಎಲ್ಲಿಯದೆಂದು ತಿಳಿದಿದ್ದರು. ಕುಂಪಣಿಯ ಬಾಗಿಲಾದರೋ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿತ್ತು. ಇಂಗ್ಲಿಷರಿಗೇ ಅದನ್ನು ಮುಖವಿಲ್ಲದೆ ಭಾವಿಸುವುದು ಕಷ್ಟವಾಗಿರಬೇಕು. ಅವರು ಅದಕ್ಕೆ ‘ಜಾನ್ ಕಂಪೆನಿ’ ಎಂದು ಮನುಷ್ಯನ ಹೆಸರನ್ನೇ ಇಟ್ಟರು.

ಇನ್ನೂ ವಿಚಿತ್ರವಾದುದು ಮುಂದಿದೆ. 1833ರ ಸನ್ನದಿನ ಕಾಯಿದೆಯಿಂದ ಕಂಪೆನಿಯ ವ್ಯಾಪಾರವು ಪೂರ್ತಿಯಾಗಿ ನಿಂತುಹೋಯಿತು. ವ್ಯಾಪಾರ ಮಾಡದ ವ್ಯಾಪಾರ ಸಂಸ್ಥೆಯು ರಾಜ್ಯವನ್ನು ಮಾತ್ರ ಆಳಿತು. ಪಾಲುದಾರರಿಗೆ ನಷ್ಟವಾಗಬಾರದೆಂದು ವರ್ಷಕ್ಕೆ ಶೇಕಡ 10½ರ ಲಾಭಾಂಶವನ್ನು ಹಿಂದುಸ್ಥಾನದ ರಾಜಸ್ವದಿಂದಲೇ ಕೊಡತಕ್ಕದ್ದೆಂದು ಅದೇ ಕಾಯಿದೆಯಲ್ಲಿ ಗೊತ್ತುಮಾಡಲಾಯಿತು. ಎಂದರೆ ಲವಂಗ, ಮೆಣಸು, ಬಟ್ಟೆಗಳ ಮಾರಾಟದಿಂದ ಬರಬೇಕಾಗಿದ್ದ ಲಾಭವು ಇನ್ನು ಮುಂದೆ ರೈತನು ಕಟ್ಟುವ ತೀರ್ವೆಯಿಂದ ಬರತಕ್ಕದ್ದಾಯಿತು. ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವವರೆಂಬ ಮೂಲಾರ್ಥವನ್ನು ಇಲ್ಲಿ ನೆನೆಯಬೇಕು. ರೊಟ್ಟಿಯ ಹಂಚಿಕೆ ನಡೆಯುತ್ತಲೇ ಇತ್ತು. ಅದನ್ನು ಬೆಳೆದವನು ಮಾತ್ರ ಆ ಪಂಕ್ತಿಯಲ್ಲಿರಲಿಲ್ಲ.

1834ರಲ್ಲಿ ಕೊಡಗು ಕಂಪೆನಿಗೆ ಸೇರಿದಾಗ ಅಮರಸುಳ್ಯ, ಪುತ್ತೂರು ಸೀಮೆಗಳು ಕನ್ನಡ ಜಿಲ್ಲೆಗೆ ಕೂಡಿಕೊಂಡವು. ಕೊಡಗಿನ ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ತೀರ್ವೆಯನ್ನು ಈಗ ನಗದಾಗಿ ತೆರಬೇಕಾಯಿತು. ಈ ಬಾಧೆಯಿಂದ ಎದ್ದ 1837ರ ದಂಗೆಯನ್ನು ನಮ್ಮ ಜನರು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಕರೆದರು. ದಂಗೆಯ ಪಡೆಯು ಪುತ್ತೂರಿನಿಂದ ಪಾಣೆಮಂಗಳೂರು, ಬಂಟವಾಳಗಳ ದಾರಿಯಾಗಿ ಬಂದು ಎಪ್ರಿಲಿನ ಮೊದಲ ವಾರದಲ್ಲಿ ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಇರಿಸಿಕೊಂಡಿತು. ಬಂಟವಾಳದ ಬಳಿಯ ನಂದಾವರದ ಬಂಗರಸನೂ ಅದರೊಡನೆ ಕೂಡಿದನು. ಹೊರಗಿನಿಂದ ದಂಡು ಬಂದ ಮೇಲೆ ದಂಗೆಯು ಅಡಗಿತು; ಬಂಗರಸನನ್ನೂ ಮುಂದಾಳುಗಳನ್ನೂ ಗಲ್ಲಿಗೇರಿಸಿದರು. ಆ ಪಡೆಗೆ ಎದುರಾಗಿ ಸಿಕ್ಕಿದವರು ಕಚೇರಿಯ ನೌಕರರು ಮತ್ತು ಸಿಪಾಯಿಗಳು ಮಾತ್ರ. ಲಾಭಾಂಶವನ್ನು ಪಡೆಯುವ ಪಾಲುದಾರನು ಎಂದೂ ಅವರ ಕಣ್ಣಿಗೆ ಬೀಳಲಿಲ್ಲ. ‘ಕುಂಪಣಿ ಎಂದರೆ ಯಾರು?’ ಎಂಬ ಪ್ರಶ್ನೆಗೆ ಈ ನೆಲದಲ್ಲಿ ಮೊದಲು ತೆತ್ತ ಬೆಲೆ ಇದು.

1858ರಲ್ಲಿ ರಾಜ್ಯಭಾರವು ಇಂಗ್ಲೆಂಡಿನ ರಾಣಿಗೆ ಹೋಯಿತು. 1874ನೆಯ ಜೂನ್ 1ರಂದು ಕಂಪೆನಿಯೇ ವಿಸರ್ಜನೆಯಾಯಿತು. ಆದರೆ ಶಬ್ದವು ಅಳಿಯಲಿಲ್ಲ. 1857ರ ಕಾಯಿದೆಯು ಈ ದೇಶದಲ್ಲಿ ಪರಿಮಿತವಾದ ಹೊಣೆಯುಳ್ಳ ಕಂಪೆನಿಗಳಿಗೆ ದಾರಿಯನ್ನು ತೆರೆದಿತ್ತು. ಹಳೆಯ ಕುಂಪಣಿ ಹೊರಬೀಳುವ ಹೊತ್ತಿಗೇ ಹೊಸ ಕಂಪೆನಿಗಳು ಒಳಬಂದವು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯ ಮೋಟಾರುಗಳು ಜಿಲ್ಲೆಯ ರಸ್ತೆಗಳಲ್ಲಿ ಓಡಿದುವು. ಜನರು ಅದನ್ನು ‘ಸಿ.ಪಿ.ಸಿ.’ ಎಂದು ಮನೆಯವರ ಹೆಸರಿನಂತೆ ಕರೆದರು. ಅಂಜಿಸುತ್ತಿದ್ದ ಶಬ್ದವು ಹೀಗೆ ನೆಚ್ಚಿಕೆಯ ಶಬ್ದವಾಯಿತು. ‘ಕಂಪೆನಿ ಮಾಲು’ ಎಂಬ ಹೊಗಳಿಕೆಯಲ್ಲಿರುವ ನಂಬಿಕೆಯೂ ಇದೇ: ಸರಕಿನ ಹಿಂದೆ ಹೆಸರುಳ್ಳವನೊಬ್ಬನಿದ್ದಾನೆ, ಕೆಟ್ಟರೆ ಕೇಳಬಹುದು.

ನಾಟಕದ ಕಂಪೆನಿಗಳಲ್ಲಿ ಯಜಮಾನನ ಮುಖವು ಇನ್ನೂ ಸ್ಪಷ್ಟವಾಗಿತ್ತು. ಗುಬ್ಬಿಯ ಕಂಪೆನಿಯೆಂದರೆ ವೀರಣ್ಣನವರು. ಒಡೆಯನೂ ನಟನೂ ಒಬ್ಬರೇ. ಆದರೆ ಯಕ್ಷಗಾನದ ನಮ್ಮ ನಾಡಿನಲ್ಲಿ ತಂಡಕ್ಕೆ ಮೊದಲೇ ‘ಮೇಳ’ವೆಂಬ ಹೆಸರಿದ್ದುದನ್ನು ಗಮನಿಸಬೇಕು. ಕೂಡುವಿಕೆ, ಒಡನಾಟ ಎಂಬ ಅರ್ಥವೇ ಅದಕ್ಕೂ ಇದೆ. ಕಂಪೆನಿಗೆ ಇದಕ್ಕಿಂತ ಒಪ್ಪುವ ದೇಶೀಯ ಶಬ್ದವನ್ನು ಹುಡುಕುವುದು ಕಷ್ಟ. ಧರ್ಮಸ್ಥಳದ ಮೇಳ, ಕಟೀಲಿನ ಮೇಳ ಎಂದು ಕ್ಷೇತ್ರದ ಹೆಸರಿನಲ್ಲಿ ಹೊರಡುವ ತಂಡವು ಟಿಕೆಟಿಟ್ಟು ಡೇರೆಯಲ್ಲಿ ಆಡಿದಾಗಲೂ ಮೇಳವೇ ಆಗಿ ಉಳಿಯಿತು. ಸ್ವಂತ ಶಬ್ದವು ಗಟ್ಟಿಯಾಗಿದ್ದಲ್ಲಿ ಪರಶಬ್ದವು ಒಳಗೆ ಬರಲಿಲ್ಲ.

ಪರಶಬ್ದವೇ ಗಟ್ಟಿಯಾಗಿ ನಿಂತ ಸ್ಥಳ ಬೀಡಿಯ ಉದ್ಯಮ. ಬಂಟವಾಳ, ಬೆಳ್ತಂಗಡಿ ತಾಲೂಕುಗಳಲ್ಲಿ ಸಾವಿರಾರು ಮನೆಗಳ ಅಡಿಗೆಯ ಒಲೆಯು ಈ ಕೆಲಸದಿಂದ ಉರಿದಿದೆ. ಎಲೆಯನ್ನೂ ಹೊಗೆಸೊಪ್ಪನ್ನೂ ‘ಬ್ರಾಂಚಿ’ನಿಂದ ತೂಕದಲ್ಲಿ ತಂದು, ಮನೆಯಲ್ಲಿ ಕಟ್ಟಿ, ಸಾವಿರದ ಲೆಕ್ಕದಲ್ಲಿ ಮರಳಿ ಒಪ್ಪಿಸುವುದು ವಾಡಿಕೆ. ಬ್ರಾಂಚಿನವನು ಗುತ್ತಿಗೆದಾರ, ಕಟ್ಟಿನ ಮೇಲಿನ ಚೀಟಿಯಲ್ಲಿರುವ ಹೆಸರು ಬೇರೆಯವರದು. ಮಜೂರಿ ಕಡಮೆಯಾದರೆ ಅಥವಾ ಬೀಡಿಯನ್ನು ತಿರಸ್ಕರಿಸಿದರೆ ಕೇಳಬೇಕಾದುದು ಯಾರನ್ನು? ಗುತ್ತಿಗೆದಾರನು ಕಂಪೆನಿಯ ಕಡೆಗೆ ಕೈತೋರಿಸುವನು. ಕಂಪೆನಿಯು ಗುತ್ತಿಗೆದಾರನ ಕಡೆಗೆ. 1837ರ ಪ್ರಶ್ನೆಯು ನೂರು ವರ್ಷಗಳ ಮೇಲೆ ಜಗಲಿಯೇರಿ ಬಂದಿತ್ತು.

ಈ ಬಾರಿ ಅದಕ್ಕೆ ಉತ್ತರವು ಕಾನೂನಿನ ದಾರಿಯಿಂದ ದೊರೆಯಿತು. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯನ್ನು ಮಾಡಿ, ಮನೆಯಲ್ಲಿ ಕಟ್ಟುವವರನ್ನೂ ಕೆಲಸಗಾರರೆಂದು ಎಣಿಸಿತು. ಅದನ್ನು ಪ್ರಶ್ನಿಸಿದವರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸಂಸ್ಥೆಯೂ ಒಂದು. ಆ ಹೆಸರಿನಿಂದಲೇ ಪ್ರಸಿದ್ಧವಾದ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ನಡುವೆ ಗುತ್ತಿಗೆದಾರನಿದ್ದರೂ, ಯಾರಿಗಾಗಿ ಬೀಡಿಯು ಕಟ್ಟಲ್ಪಡುವುದೋ ಆ ತಯಾರಕನೂ ವ್ಯಾಪಾರಮುದ್ರೆಯ ಒಡೆಯನೂ ಧಣಿಯ ಹೊಣೆಯಿಂದ ತಪ್ಪಿಸಿಕೊಳ್ಳಲಾರರೆಂಬುದು ಅದರ ತಾತ್ಪರ್ಯ. ಚೀಟಿಯ ಮೇಲಿನ ಹೆಸರಿಗೆ ಒಂದು ಮುಖವು ಬಂದಿತು.

ಕಂಪೆನಿಯೆಂಬುದು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟುದೂ ಅಲ್ಲ. ಹಲವರು ಸೇರಿ ಒಬ್ಬನಿಂದಾಗದ ಕೆಲಸವನ್ನು ಮಾಡುವ ಉಪಾಯವದು. ನಮ್ಮ ಜಿಲ್ಲೆಯ ಬೇಂಕುಗಳೂ ಕಾರ್ಖಾನೆಗಳೂ ಮೋಟಾರು ಸರ್ವಿಸುಗಳೂ ಅದರಿಂದಲೇ ಬೆಳೆದುವು. ಆದರೆ ಹಲವರು ಒಂದೇ ಹೆಸರಿನ ಮರೆಯಲ್ಲಿ ನಿಂತಾಗ, ಲಾಭಕ್ಕೆ ಕೈಯೊಡ್ಡುವವರು ಹೊಣೆಗೆ ಕೈಹಿಂತೆಗೆಯುವುದು ಸುಲಭವಾಗುತ್ತದೆ. ನಮ್ಮ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಉಳಿದಿರಬಹುದಾದ ವರ್ಗದ ಚೀಟಿಗಳಲ್ಲಿ, ಗೇಣಿಯ ಪತ್ರಗಳಲ್ಲಿ, ತೀರ್ವೆಯ ರಸೀದಿಗಳಲ್ಲಿ ಕುಂಪಣಿಯ ಹೆಸರು ಕಾಣಿಸಿದರೆ ವಾಚಕರು ಅದನ್ನು ಎಸೆಯದೆ ಕಾಪಾಡಬೇಕು. ಹಣವನ್ನು ಕೊಟ್ಟವನ ಹೆಸರು ಅದರಲ್ಲಿ ಯಾವಾಗಲೂ ಇರುತ್ತದೆ. ಪಡೆದವರ ಹೆಸರನ್ನು ಹುಡುಕಿ ಬರೆದಿಡುವುದು ಚರಿತ್ರೆಯ ಕೆಲಸ.