ಬೆಟ್ಟದ ತುದಿಯಲ್ಲಿ ಹ್ಯಾಮ್ ರೇಡಿಯೊ

ಮೂರ್ನಾಡಿನಿಂದ ನಾಪೋಕ್ಲು ಮಾರ್ಗವಾಗಿ ಕಕ್ಕಬ್ಬೆ ತಲುಪಿದರೆ ತಡಿಯಂಡಮೋಳ್ ಬೆಟ್ಟದ ಹಾದಿ ಸಿಗುತ್ತದೆ. 1,748 ಮೀಟರ್ ಎತ್ತರದ ಇದು ಕೊಡಗಿನ ಅತ್ಯುನ್ನತ ಶಿಖರ. ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹೊರಡುವ ಕುಟುಂಬವು ಚೀಲದಲ್ಲಿ ಹ್ಯಾಮ್ ರೇಡಿಯೊ ಒಂದನ್ನೂ ಇಟ್ಟುಕೊಂಡರೆ ಚಾರಣದ ಸ್ವರೂಪವೇ ಬದಲಾಗುತ್ತದೆ.

ಹವ್ಯಾಸಿಗಳು ಹೆಚ್ಚಾಗಿ ಬಳಸುವ 144ರಿಂದ 146 ಮೆಗಾಹರ್ಟ್ಸ್‌ನ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಕಣಿವೆಯಲ್ಲಿ ಗುಡ್ಡ ಅಡ್ಡ ಬಂದರೆ ಮಾತು ಅಲ್ಲಿಗೇ ನಿಂತಿತು. ಶಿಖರದಿಂದಾದರೆ, ಅಡ್ಡಿಯಿಲ್ಲದ ದಿಕ್ಕಿನಲ್ಲಿ, ಐದು ವಾಟ್‌ನ ಕೈಯುಪಕರಣವೂ ನೂರು ಕಿ.ಮೀ. ಆಚೆಗೆ ಕೇಳಿಸಬಲ್ಲದು.

ಇದನ್ನೇ ಆಟವಾಗಿಸಿದ 'ಸಮಿಟ್ಸ್ ಆನ್ ದಿ ಏರ್' 2002ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ಉಪಕರಣವನ್ನು ಹೊತ್ತೇ ಏರಬೇಕು. ವಾಹನದ ವಿದ್ಯುತ್ ಸಲ್ಲದು. ಅಂಕ ದೊರೆಯಲು ನಾಲ್ಕು ಸಂಪರ್ಕಗಳಾದರೂ ಬೇಕು. ಕಠಿಣವೆನಿಸಿದರೂ ಈ ನಿಯಮಗಳು ಅರ್ಥಪೂರ್ಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಊರುಗಳ ಸಂಪರ್ಕ ಕಡಿದಾಗ ಬೆಂಗಳೂರಿನಿಂದ ಬಂದ ಹ್ಯಾಮ್ ಹವ್ಯಾಸಿಗಳು ರಕ್ಷಣಾ ಕಾರ್ಯಕ್ಕೆ ನೆರವಾದರು. ರಸ್ತೆ, ವಿದ್ಯುತ್ ಎರಡೂ ಇಲ್ಲದ ಅಂಥ ದಿನಗಳಿಗೆ ಬೇಕಾದುದು ಬೆಟ್ಟದ ಮೇಲಿನ ಇದೇ ಅಭ್ಯಾಸ.

ರೇಡಿಯೊ ಕೊಂಡ ಮಾತ್ರಕ್ಕೆ ಮಾತನಾಡುವಂತಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಹಾಗೂ 'ವಿಯು' ಎಂದು ಆರಂಭವಾಗುವ ಕರೆಸಂಕೇತ ಪಡೆಯಬೇಕು. 12 ವರ್ಷ ತುಂಬಿದ ಮಕ್ಕಳೂ ಅರ್ಹರು. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಅಗತ್ಯ. ಮುಂಗಾರುಪೂರ್ವ ಮಳೆಯ ದಿನಗಳಲ್ಲಿ ಮಧ್ಯಾಹ್ನದೊಳಗೆ ಇಳಿಯುವುದು ಲೇಸು. ಬಯಲು ಶಿಖರದಲ್ಲಿ ಸಿಡಿಲಿನ ಅಪಾಯ ಹೆಚ್ಚು. ಗುಡುಗು ಕೇಳಿಸಿದೊಡನೆ ಆಂಟೆನಾ ಮಡಚಿಡಬೇಕು.