ದೋಣಿಮಲೈ ಅಪ್ರೆಂಟಿಸ್ ತರಬೇತಿ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ, ಎಸ್ಸೆಸ್ಸೆಲ್ಸಿ ಪಾಸಾಗಿ ಐಟಿಐ ಮುಗಿಸಿದ ಯುವಕ ಯುವತಿಯರಿಗೆ ಕಬ್ಬಿಣದ ಅದಿರಿನ ಗಣಿಯಲ್ಲೇ ಕಸುಬು ಕಲಿಸುವ ವ್ಯವಸ್ಥೆ. ಇಲ್ಲಿನ ಯಂತ್ರೀಕೃತ ಗಣಿಯನ್ನು ಕೇಂದ್ರ ಸರ್ಕಾರಿ ಉದ್ದಿಮೆಯಾದ ಎನ್‌ಎಂಡಿಸಿ 1977ರಲ್ಲಿ ಆರಂಭಿಸಿತು. ತರಬೇತಿಗೆ ಆಧಾರ 1961ರ ಅಪ್ರೆಂಟಿಸ್ ಕಾಯ್ದೆ. ಡಿಪ್ಲೊಮಾ, ಎಂಜಿನಿಯರಿಂಗ್ ಪದವೀಧರರನ್ನು 1973ರಲ್ಲಿ, ಪಿಯು ಹಂತದ ವೃತ್ತಿಶಿಕ್ಷಣ ಪಡೆದವರನ್ನು 1986ರಲ್ಲಿ ಅದರ ವ್ಯಾಪ್ತಿಗೆ ತರಲಾಯಿತು.

ಅಪ್ರೆಂಟಿಸ್ ಕಾಯ್ದೆ 14 ವರ್ಷ ತುಂಬಿದವರಿಗೆ ಅವಕಾಶ ಕೊಟ್ಟರೂ ಗಣಿಯ ಮಾತೇ ಬೇರೆ. 1952ರ ಗಣಿ ಕಾಯ್ದೆಗೆ 1983ರಲ್ಲಿ ತಂದ ತಿದ್ದುಪಡಿಯು 18 ವರ್ಷದೊಳಗಿನವರನ್ನು ಗಣಿಯಲ್ಲಿ ದುಡಿಸುವುದನ್ನು ನಿಷೇಧಿಸಿತು; ಕಲಿಯಲು ಬಂದವರಿಗೆ 16 ತುಂಬಿದ್ದರೆ ಮೇಲ್ವಿಚಾರಣೆಯಲ್ಲಿ ಪ್ರವೇಶ ನೀಡಿತು. ಅಪಾಯಕಾರಿ ಉದ್ದಿಮೆಗಳ ಅಪ್ರೆಂಟಿಸ್‌ಗಳಿಗೂ 2014ರಲ್ಲಿ 18 ವರ್ಷವೇ ಕನಿಷ್ಠ ವಯಸ್ಸಾಯಿತು. ಹೀಗಾಗಿ ಹತ್ತನೇ ತರಗತಿ ಮುಗಿಸಿದ ಹುಡುಗನೊಬ್ಬ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಕಸುಬಿನ ಐಟಿಐಯಲ್ಲಿ ಕಳೆಯುವ ಎರಡು ವರ್ಷಗಳು ಕಲಿಕೆಯ ಜೊತೆಗೆ ವಯಸ್ಸಿನ ಅಂತರವನ್ನೂ ತುಂಬಿಕೊಡುತ್ತವೆ.

ಆಮೇಲಿನದು ಸಾಮಾನ್ಯವಾಗಿ ಒಂದು ವರ್ಷದ ತರಬೇತಿ. ಬೆಟ್ಟದ ಮೇಲೆ ಒಡೆದ ಅದಿರು ಕ್ರಷರ್‌ಗೆ ಹೋಗಿ ಕನ್ವೇಯರ್ ಬೆಲ್ಟ್ ಮೇಲೆ ಕೆಳಗಿಳಿಯುತ್ತದೆ. ಬೆಲ್ಟಿನಡಿಯ ರೋಲರುಗಳ ಬೇರಿಂಗಿಗೆ ಕೆಂಪು ಧೂಳು ನುಗ್ಗಿದರೆ ಸದ್ದು ಬದಲಾಗುತ್ತದೆ, ಬೇರಿಂಗ್ ಕಾಯುತ್ತದೆ. ಸಕಾಲದಲ್ಲಿ ಬದಲಿಸದಿದ್ದರೆ ಬೆಲ್ಟೇ ಸವೆಯುತ್ತದೆ. ಯಾವ ರೋಲರ್ ಕೆಟ್ಟಿದೆಯೆಂದು ಸದ್ದಿನಿಂದಲೇ ಗುರುತಿಸುವ ಕಿವಿ ತರಗತಿಯಲ್ಲಿ ಕುಳಿತರೆ ಬರುವುದಿಲ್ಲ. ಹಳೆಯ ಫಿಟ್ಟರ್ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಂಡೂರು–ಹೊಸಪೇಟೆ ಸುತ್ತ ಇನ್ನೊಂದು ಬಗೆಯ ‘ಕಲಿಕೆ’ ಹಬ್ಬಿತು. ಮಕ್ಕಳು ಶಾಲೆ ಬಿಟ್ಟು ಅದಿರು ಒಡೆಯಲು ಕುಳಿತರು, ಹದಿಹರೆಯದವರು ಲಾರಿಗೆ ಕ್ಲೀನರ್‌ಗಳಾದರು. ಇದನ್ನು ಅಪ್ರೆಂಟಿಸ್ ತರಬೇತಿಯ ಇತಿಹಾಸದಿಂದ ಹೊರಗಿಡುವುದು ಸರಿಯಲ್ಲ: ಕಾಯ್ದೆ ಯಾರನ್ನು ಕಾಪಾಡಬೇಕಿತ್ತೋ ಅವರನ್ನೇ ಅದು ತಲುಪಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿದಾಗ, ಕೈಯಲ್ಲಿ ಕಸುಬಿದ್ದೂ ಪ್ರಮಾಣಪತ್ರವಿಲ್ಲದವರಿಗೆ ಬೇರೆಡೆ ಅದನ್ನು ಸಾಬೀತುಪಡಿಸುವುದೇ ಕಷ್ಟವಾಯಿತು. ಆದರೆ ಎನ್‌ಎಂಡಿಸಿಗೆ ಮಿತಿಯೊಳಗೆ ಅದಿರು ತೆಗೆಯಲು ಅನುಮತಿ ಸಿಕ್ಕಿತು. ಮುಂದೆ ಗುತ್ತಿಗೆ ನವೀಕರಣದ ವಿವಾದದಿಂದ ದೋಣಿಮಲೈ ಗಣಿ 2018ರ ನವೆಂಬರಿನಿಂದ 2021ರ ಫೆಬ್ರುವರಿವರೆಗೆ ನಿಂತಿತ್ತು.

ಇತ್ತ ಶಾಲೆಗಳೂ ಕಸುಬಿನತ್ತ ಒಂದು ಹೆಜ್ಜೆ ಇಟ್ಟಿವೆ. ಕರ್ನಾಟಕದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ತೃತೀಯ ಭಾಷೆಯ ಬದಲು ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನದಂಥ ವಿಷಯ ಆಯ್ದುಕೊಳ್ಳಬಹುದು.

ಅಪ್ರೆಂಟಿಸ್ ಕಾಯ್ದೆಯಡಿಯ 2019ರ ನಿಯಮಗಳು ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಶಿಷ್ಯವೇತನ ನಿಗದಿ ಮಾಡಿದವು. ತರಬೇತಿ ಮುಗಿದ ಮಾತ್ರಕ್ಕೆ ನೌಕರಿ ಕೊಡಲೇಬೇಕೆಂಬ ಕಡ್ಡಾಯ ಕಾಯ್ದೆಯಲ್ಲಿಲ್ಲ. ಆದರೆ ಉಳಿದೆಲ್ಲ ಅರ್ಹತೆ ಸಮನಾಗಿದ್ದರೆ ನೇರ ನೇಮಕಾತಿಯಲ್ಲಿ ತರಬೇತಿ ಪಡೆದವರಿಗೇ ಆದ್ಯತೆ ನೀಡಬೇಕೆಂದು ಉತ್ತರ ಪ್ರದೇಶ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ.